ಪದ ಪರಿಚಯ: ಅಬಟ್‌ಮೆಂಟ್

'ತುದಿ' ಎಂಬ ಅರ್ಥದ ಫ್ರೆಂಚ್ 'ಬೂ' ಈ ಪದದ ಮೂಲ. ಇಂಗ್ಲಿಷಿನಲ್ಲಿ ಇದು ಸೇತುವೆಯ ಎರಡು ಕೊನೆಗಳಲ್ಲಿ ಭಾರ ಹೊರುವ ಕಟ್ಟಡಕ್ಕೆ ಹೆಸರಾಯಿತು. ದಂತವೈದ್ಯದಲ್ಲಿ, ಬಿದ್ದ ಹಲ್ಲಿನ ಜಾಗಕ್ಕೆ ಕೂರಿಸುವ ಬ್ರಿಡ್ಜನ್ನು ಹೊರುವ ಅಕ್ಕಪಕ್ಕದ ಹಲ್ಲುಗಳೇ ಅಬಟ್‌ಮೆಂಟ್. ಕನ್ನಡದಲ್ಲಿ 'ಆಧಾರ ಹಲ್ಲು' ಎನ್ನಬಹುದು.

ಅಗಿಯುವಾಗ ಈ ಆಧಾರ ಹಲ್ಲುಗಳು ಬಿದ್ದ ಹಲ್ಲಿನ ಭಾರವನ್ನೂ ಹೊರಬೇಕು. ಆ ಒತ್ತಡ ಬೇರು, ಮೂಳೆಗಳಲ್ಲಿ ಹೇಗೆ ಹರಡುತ್ತದೆಂದು ಬಾಯೊಳಗೆ ಅಳೆಯುವುದು ಕಷ್ಟ. ಆದ್ದರಿಂದ ಕಂಪ್ಯೂಟರಿನಲ್ಲಿ ಹಲ್ಲಿನ ಮಾದರಿ ಕಟ್ಟಿ, ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದರ ಒತ್ತಡವನ್ನೂ ಲೆಕ್ಕ ಹಾಕುತ್ತಾರೆ. ಈ ವಿಧಾನಕ್ಕೆ 1960ರಲ್ಲಿ 'ಫೈನೈಟ್ ಎಲಿಮೆಂಟ್' ಎಂದು ಹೆಸರಿಟ್ಟವರು ಅಮೆರಿಕದ ಎಂಜಿನಿಯರ್ ರೇ ಕ್ಲಫ್.

ಬ್ರಿಡ್ಜ್ ಹಾಕಿಸುವ ಮುನ್ನ ಆಧಾರ ಹಲ್ಲುಗಳ ಬೇರು, ಮೂಳೆ ಗಟ್ಟಿಯಾಗಿವೆಯೇ ಎಂದು ವೈದ್ಯರನ್ನು ತಪ್ಪದೆ ಕೇಳಿ.