ಶಾಲಾ ಮಕ್ಕಳ ಅಭಿವ್ಯಕ್ತಿ ಸ್ವಾತಂತ್ರ್ಯ

ಶಾಲೆಯೊಳಗೆ ಮಕ್ಕಳು ತಮಗನಿಸಿದ್ದನ್ನು ಹೇಳುವ, ಬರೆಯುವ, ಬೇಕಾದ್ದನ್ನು ಓದುವ ಮತ್ತು ಮನಸ್ಸು ಒಪ್ಪದ್ದನ್ನು ಹೇಳದೆ ಇರುವ ಹಕ್ಕು. ಪೋಲೆಂಡಿನ ವೈದ್ಯ, ಲೇಖಕ ಯಾನುಷ್ ಕೊರ್ಚಾಕ್ 1926ರಲ್ಲೇ ವಾರ್ಸಾದಲ್ಲಿ ಮಕ್ಕಳ ಬರಹಗಳಿಂದಲೇ ತುಂಬುವ ಪತ್ರಿಕೆಯೊಂದನ್ನು ಆರಂಭಿಸಿದ್ದರು. ನ್ಯಾಯಾಲಯಗಳು ಎಚ್ಚೆತ್ತದ್ದು ತಡವಾಗಿ. ಅವು ಮೊದಲು ಮನ್ನಣೆ ಕೊಟ್ಟದ್ದು ಸುಮ್ಮನಿರುವ ಹಕ್ಕಿಗೆ.

ಅಮೆರಿಕದಲ್ಲಿ ‘ಯೆಹೋವನ ಸಾಕ್ಷಿಗಳು’ ಪಂಥದ ಮಕ್ಕಳು ಧ್ವಜವಂದನೆಗೆ ಒಪ್ಪದೆ ಶಾಲೆಯಿಂದ ಹೊರಬಿದ್ದರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಯ ಪರ ನಿಂತಿತು. ಮೂರೇ ವರ್ಷಗಳಲ್ಲಿ, ಮಹಾಯುದ್ಧದ ನಡುವೆಯೇ, ವೆಸ್ಟ್ ವರ್ಜೀನಿಯದ ಪ್ರಕರಣದಲ್ಲಿ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿತು. ಮಾತಿನ ಸರದಿ ಬಂದದ್ದು 1969ರಲ್ಲಿ: ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಬಂದ ಅಯೋವಾ ರಾಜ್ಯದ ವಿದ್ಯಾರ್ಥಿಗಳು ಗೆದ್ದರು. ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಸಿದ ಪ್ರಕರಣದಲ್ಲಿ (1982) ಮಕ್ಕಳ ಕಡೆಗೆ ತೀರ್ಪು ಬಂದರೂ ನ್ಯಾಯಮೂರ್ತಿಗಳ ಬಹುಮತ ಒಂದೇ ಕಾರಣಕ್ಕೆ ಕೂಡಲಿಲ್ಲ. 1988ರಲ್ಲಿ ಶಾಲಾ ಪತ್ರಿಕೆಯ ಪುಟಗಳನ್ನು ಕಿತ್ತುಹಾಕಿದ ಪ್ರಾಂಶುಪಾಲರೇ ಗೆದ್ದರು.

ಭಾರತದ ಮುಖ್ಯ ತೀರ್ಪು ಕೇರಳದ್ದು. ಅಲ್ಲಿಯೂ ಅದೇ ಪಂಥದ ಮೂವರು ಮಕ್ಕಳು, ಒಂದೇ ಮನೆಯವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಹುಕಾಲ ಯಾರಿಗೂ ಅದು ತೊಡಕೆನಿಸಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿದ್ದು ವಿಷಯ ವಿಧಾನಸಭೆಗೇರಿತು. ವಿಚಾರಣೆಗೆ ನೇಮಕವಾದ ಆಯೋಗ ಮಕ್ಕಳಲ್ಲಿ ಅಗೌರವವೇನೂ ಕಾಣಲಿಲ್ಲವೆಂದು ವರದಿ ಕೊಟ್ಟಿತು. ಆದರೂ ಮೇಲಧಿಕಾರಿಗಳ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ತೆಗೆದುಹಾಕಿದರು. ಕೇರಳ ಹೈಕೋರ್ಟಿನಲ್ಲಿ ಸೋತ ತಂದೆ ಸುಪ್ರೀಂ ಕೋರ್ಟಿಗೆ ಹೋದರು.

ಬಿಜೋ ಇಮ್ಯಾನುಯೆಲ್ ಪ್ರಕರಣವೆಂದೇ ಹೆಸರಾದ ಇದರಲ್ಲಿ 1986ರ ಆಗಸ್ಟ್ 11ರಂದು ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರೂ ಇವರೇ. ರಾಷ್ಟ್ರಗೀತೆಯನ್ನು ಹಾಡಲೇಬೇಕೆನ್ನುವ ಕಾನೂನಿಲ್ಲ, ಎದ್ದು ನಿಂತರೆ ಗೌರವ ಕೊಟ್ಟಂತೆಯೇ, ಶಿಕ್ಷಣ ಇಲಾಖೆಯ ಸುತ್ತೋಲೆ ಕಾನೂನಾಗದು ಎಂದು ಅವರು ಹೇಳಿದರು. ಸಂವಿಧಾನದ 19 ಮತ್ತು 25ನೆಯ ವಿಧಿಗಳ ಆಶ್ರಯದಲ್ಲಿ ಮಕ್ಕಳು ಶಾಲೆಗೆ ಮರಳುವಂತಾಯಿತು. ಸುತ್ತೋಲೆ ಕಾನೂನಾಗದೆಂಬ ಮೂರನೆಯ ಅಂಶವೇ ಈ ತೀರ್ಪಿನ ನಿಜವಾದ ತೂಕ. ನಮ್ಮ ಶಾಲೆಗಳು ನಡೆಯುವುದೇ ಸುತ್ತೋಲೆಗಳ ಮೇಲೆ.

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12 ಮತ್ತು 13ನೆಯ ವಿಧಿಗಳು ಮಗುವಿನ ಅಭಿಪ್ರಾಯಕ್ಕೂ ಮಾಹಿತಿ ಪಡೆಯುವ ಸ್ವಾತಂತ್ರ್ಯಕ್ಕೂ ಮನ್ನಣೆ ನೀಡಿದವು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಇಷ್ಟೆಲ್ಲ ತೀರ್ಪುಗಳ ತವರಾದ ಅಮೆರಿಕ ಮಾತ್ರ ಈಗಲೂ ಅದನ್ನು ಅನುಮೋದಿಸಿಲ್ಲ.

ಕೇರಳದ ತೀರ್ಪು ಮತ್ತೆ ಚರ್ಚೆಗೆ ಬಂದದ್ದು ತರಗತಿಯಲ್ಲಿ ವಿದ್ಯಾರ್ಥಿನಿಯರು ಹಿಜಾಬ್ ಧರಿಸುವ ಕುರಿತ ಕರ್ನಾಟಕದ ವಿವಾದದಲ್ಲಿ. 2022ರ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಸರ್ಕಾರಿ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಪೀಠ ಒಡೆಯಿತು: ನ್ಯಾಯಮೂರ್ತಿ ಹೇಮಂತ್ ಗುಪ್ತ ಹೈಕೋರ್ಟನ್ನು ಒಪ್ಪಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಬಿಜೋ ಇಮ್ಯಾನುಯೆಲ್ ತೀರ್ಪನ್ನು ಆಧರಿಸಿ ವಿದ್ಯಾರ್ಥಿನಿಯರ ಪರ ಬರೆದರು. ಪ್ರಕರಣವನ್ನು ದೊಡ್ಡ ಪೀಠಕ್ಕೊಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.