72 ಗಜ ಬಟ್ಟೆಯ ಲೆಕ್ಕ

ಕೇಂದ್ರ ಸರ್ಕಾರಿ ನೌಕರರ ಹೋರಾಟದ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಒಂದು ಲೆಕ್ಕದ ಮುಂದೆ ನಿಲ್ಲುತ್ತೇನೆ. ಸಂಸಾರವೊಂದಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ವಯಸ್ಕನೊಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಮನೆ ಬಾಡಿಗೆ, ಸೌದೆ, ದೀಪ: ಕನಿಷ್ಠ ಕೂಲಿ ಇಷ್ಟನ್ನಾದರೂ ಭರಿಸಬೇಕೆಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿತು. ಸರ್ಕಾರದ ಪ್ರತಿನಿಧಿಗಳೂ ಅಲ್ಲಿ ಕೂತಿದ್ದರು! ಎರಡು ವರ್ಷದ ನಂತರ ಎರಡನೇ ವೇತನ ಆಯೋಗ ತನ್ನ ನೌಕರರಿಗೆ ಶಿಫಾರಸು ಮಾಡಿದ್ದು ತಿಂಗಳಿಗೆ 80 ರೂಪಾಯಿ. ಆ ಲೆಕ್ಕಕ್ಕೆ ಇದು ಸಾಲುತ್ತಿರಲಿಲ್ಲ.

1960ರ ಜುಲೈನಲ್ಲಿ ರೈಲ್ವೆ, ಅಂಚೆ-ತಂತಿ ಮೊದಲಾದ ಇಲಾಖೆಗಳ ನೌಕರರು ಮುಷ್ಕರ ಹೂಡಿದರು. ಐದು ದಿನ ನಡೆಯಿತು. ಸುಗ್ರೀವಾಜ್ಞೆ ಬಂತು, ಬಂಧನಗಳಾದವು, ಮುಷ್ಕರ ಮಾಡಿದ ಸಂಘಗಳ ಮಾನ್ಯತೆಯೂ ಹೋಯಿತು. ಮಾನ್ಯತೆ ಎಂದರೆ ಸಂಘದ ಪತ್ರಕ್ಕೊಂದು ಉತ್ತರ, ಮಾತುಕತೆಗೆ ಕೂರಲೊಂದು ಕುರ್ಚಿ. ಅದನ್ನು ಕೊಡುವವನೂ ಕಿತ್ತುಕೊಳ್ಳುವವನೂ ಸಂಬಳ ಕೊಡುವ ಧಣಿಯೇ.

1966ರಲ್ಲಿ ಬ್ರಿಟನ್ನಿನ ವಿಟ್ಲಿ ಮಂಡಳಿಗಳ ಮಾದರಿಯಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆ ಬಂತು. ಒಮ್ಮತವಾಗದಿದ್ದರೆ ವೇತನದ ಪ್ರಶ್ನೆ ಮಧ್ಯಸ್ಥಿಕೆಗೆ ಹೋಗಬೇಕೆಂಬ ಮಾತೂ ಅದರಲ್ಲಿತ್ತು. ನೌಕರರು ಅದೇ 1957ರ ಲೆಕ್ಕವನ್ನು ಮುಂದಿಟ್ಟರು; ಇದನ್ನು ಮಧ್ಯಸ್ಥಿಕೆಗೆ ಒಪ್ಪಿಸಲಾಗದು ಎಂದಿತು ಸರ್ಕಾರ. 1968ರ ಸೆಪ್ಟೆಂಬರ್ 19ರಂದು ಒಂದೇ ದಿನದ ಮುಷ್ಕರ. ಮತ್ತೆ ಸುಗ್ರೀವಾಜ್ಞೆ, ಮತ್ತೆ ಬಂಧನ, ಅಮಾನತು. ಸಂಘಗಳ ಮಾನ್ಯತೆ ಮತ್ತೆ ರದ್ದು.