ಗಣಕದ ಕಿಟಕಿಗಳು: ಒಂದು ಹಳೆಯ ಕ್ರಮದ ಪುನರಾಗಮನ

ಗಣಕದ ಪರದೆಯ ಮೇಲೆ ಕಿಟಕಿಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿ, ಬಹುಮಟ್ಟಿಗೆ ಕೀಲಿಮಣೆಯಿಂದಲೇ ನಡೆಸುವ ‘ಡಿಡಬ್ಲ್ಯುಎಂ’ ಎಂಬ ಕಿಟಕಿ ನಿರ್ವಾಹಕವು 2006ರಲ್ಲಿ ಹುಟ್ಟಿತು. ಈ ಜೋಡಣೆಯನ್ನು ನೂತನ ಸೃಷ್ಟಿಯೆಂದು ಬಗೆಯುವುದನ್ನು ನಾವು ಒಪ್ಪಲಾರೆವು. 1985ರ ಮೊದಲನೆಯ ವಿಂಡೋಸ್‌ನಲ್ಲಿಯೂ ಮುಖ್ಯ ಕಿಟಕಿಗಳು ಒಂದನ್ನೊಂದು ಮುಚ್ಚುತ್ತಿರಲಿಲ್ಲ. 1987ರ ಎರಡನೆಯ ಆವೃತ್ತಿಯು ಆ ನಿರ್ಬಂಧವನ್ನು ಕೈಬಿಟ್ಟಿತು. ಹಾಗಾದರೆ ಹಳೆಯ ಕ್ರಮವು ಮರಳಿ ಬರಲು ಕಾರಣವೇನು? ಎಂ.ಐ.ಟಿ.ಯಲ್ಲಿ 1984ರಲ್ಲಿ ಆರಂಭವಾದ ‘ಎಕ್ಸ್’ ವ್ಯವಸ್ಥೆಯು ಕಿಟಕಿಗಳ ನಿರ್ವಹಣೆಯನ್ನು ತನ್ನಲ್ಲಿಯೇ ಇರಿಸಿಕೊಳ್ಳದೆ, ಯಾರು ಬೇಕಾದರೂ ರಚಿಸಬಹುದಾದ ಪ್ರತ್ಯೇಕ ತಂತ್ರಾಂಶಕ್ಕೆ ಬಿಟ್ಟುಕೊಟ್ಟಿತು. ತನ್ನ ಮೂಲಪಾಠವು 2000 ಸಾಲುಗಳನ್ನು ಮೀರಬಾರದೆಂದು ತಾನೇ ಮಿತಿ ವಿಧಿಸಿಕೊಂಡ ಡಿಡಬ್ಲ್ಯುಎಂ ನಿಂತಿರುವುದು ಆ ವ್ಯವಸ್ಥೆಯ ಆಶ್ರಯದಲ್ಲಿಯೇ. ಅಧಿಕಾರವು ಹಂಚಿಹೋದಲ್ಲಿ, ಬಹುಜನರು ತೊರೆದ ಪದ್ಧತಿಗೂ ಬಾಳುವ ಅವಕಾಶವುಂಟೆಂಬುದನ್ನು ಈ ಸಣ್ಣ ಚರಿತ್ರೆಯು ನಮಗೆ ಸ್ಪಷ್ಟಪಡಿಸುತ್ತದೆ.